ಟೋಕನ್ ಕೊಟ್ಟಾದ ಮೇಲೆ: ವಿಜೆಮ್ ಡ್ರೈವರಿನ ಮೆಮೊರಿ ದೋಷ ಹಿಡಿದ ಬಗೆ

ಲಿನಕ್ಸ್ ಕರ್ನಲ್ಲಿನ ಗ್ರಾಫಿಕ್ಸ್ ಡ್ರೈವರುಗಳಲ್ಲಿ ವಿಜೆಮ್ ಅಂತ ಒಂದಿದೆ. ಅದರ ಹಿಂದೆ ಚಿಪ್ಪೂ ಇಲ್ಲ, ಪರದೆಯೂ ಇಲ್ಲ. ಬಫರ್ (ಚಿತ್ರದ ದತ್ತಾಂಶ ಇಡುವ ಮೆಮೊರಿ ತುಂಡು) ಕೇಳಿದರೆ ಕೊಡುತ್ತದೆ, ಬೇಕಾದರೆ ಅದನ್ನು ಇನ್ನೊಂದು ಡ್ರೈವರಿನ ಜೊತೆ ಹಂಚಿಕೊಳ್ಳುತ್ತದೆ. ಅದರ ಕೆಲಸ ಅಷ್ಟೇ. ಇಷ್ಟು ಸಣ್ಣ ಡ್ರೈವರಿನ ಒಂದೇ ಫಂಕ್ಷನ್ನಿನಲ್ಲಿ ಒಂದು ವರ್ಷದ ಅಂತರದಲ್ಲಿ ಎರಡು ಮೆಮೊರಿ ದೋಷಗಳು ಸಿಕ್ಕವು. 2019ರ ಫೆಬ್ರವರಿಯಲ್ಲಿ ಎರಿಕ್ ಬಿಗ್ಗರ್ಸ್ ಒಂದನ್ನು ಸರಿಮಾಡಿದರು, 2020ರ ಫೆಬ್ರವರಿಯಲ್ಲಿ ಡೇನಿಯಲ್ ವೆಟ್ಟರ್ ಇನ್ನೊಂದನ್ನು. ಎರಡನ್ನೂ ಹೊರಗೆಳೆದದ್ದು ಸಿಜ್‌ಕಾಲರ್ ಎಂಬ ಫಝರ್, ಅಂದರೆ ಕರ್ನಲ್ಲಿಗೆ ಅಡ್ಡಾದಿಡ್ಡಿ ಕರೆಗಳನ್ನು ಕಳಿಸಿ ದೋಷ ಹುಡುಕುವ ಪ್ರೋಗ್ರಾಂ. ಎರಡನೆಯದಕ್ಕೆ ಸಿವಿಇ-2022-1419 ಎಂಬ ಸಾರ್ವಜನಿಕ ದೋಷ ಪಟ್ಟಿಯ ಸಂಖ್ಯೆ ಬಂದದ್ದು ದುರಸ್ತಿಯಾಗಿ ಎರಡು ವರ್ಷ ಕಳೆದ ಮೇಲೆ.

ಈ ಎರಡನೆಯ ದೋಷವನ್ನು ನಾವು ಮೊದಲಿನಿಂದ ಮತ್ತೆ ಹುಟ್ಟಿಸಿ, ಹಿಡಿದು, ಸರಿಮಾಡಿ ನೋಡಿದೆವು. ವಿಜೆಮ್ಮನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ವರ್ಚುವಲ್ ಯಂತ್ರ ನಡೆಸುವ ಕ್ಯೂಎಮು ಓಡುವ ಯಾವ ಲ್ಯಾಪ್‌ಟಾಪ್ ಆದರೂ ಸಾಕು. ಆದರೆ ಇಲ್ಲಿ ಕಾಣುವ ತಪ್ಪು ನಿಜವಾದ ಜಿಪಿಯುಗಳ ಡ್ರೈವರಿನಲ್ಲೂ ಅಕ್ಷರಶಃ ಇದೇ ಆಕಾರದಲ್ಲಿ ಇತ್ತು. ಆ ವಿಷಯ ಮುಂದೆ ಬರುತ್ತದೆ.

ಮೊದಲು ಕೋಡ್ ಓದಿಕೊಳ್ಳಬೇಕು. ಬಳಕೆದಾರರ ಪ್ರೋಗ್ರಾಂ 'ಡಂಬ್ ಬಫರ್' ಕೇಳುವಾಗ ಅಗಲ, ಎತ್ತರ, ಒಂದು ಪಿಕ್ಸೆಲ್ಲಿಗೆ ಎಷ್ಟು ಬಿಟ್ ಎಂಬ ಮೂರು ಸಂಖ್ಯೆ ಕೊಡುತ್ತದೆ. 64 ಅಗಲ, 64 ಎತ್ತರ, 32 ಬಿಟ್ ಅಂದರೆ ಒಂದು ಸಾಲಿಗೆ 256 ಬೈಟ್, ಒಟ್ಟು 16384 ಬೈಟ್. ಡ್ರೈವರ್ ಈ ಗಾತ್ರವನ್ನು 4096ರ ಪುಟಗಳಿಗೆ ಮೇಲಕ್ಕೆ ಸರಿಹೊಂದಿಸಿ, ಒಂದು ಜೆಮ್ ಆಬ್ಜೆಕ್ಟ್ (ಕರ್ನಲ್ಲಿನೊಳಗೆ ಬಫರಿನ ದಾಖಲೆ) ಸೃಷ್ಟಿಸುತ್ತದೆ. ಆಗ ಅದರ ರೆಫರೆನ್ಸ್ ಎಣಿಕೆ, ಅಂದರೆ ಅದನ್ನು ಹಿಡಿದುಕೊಂಡಿರುವವರ ಲೆಕ್ಕ, 1. ಆಮೇಲೆ ಹ್ಯಾಂಡಲ್ ಕ್ರಿಯೇಟ್ ಫಂಕ್ಷನ್ನನ್ನು ಕರೆಯುತ್ತದೆ. ಅದು ಆಬ್ಜೆಕ್ಟಿನ ಮೇಲೆ ಇನ್ನೊಂದು ರೆಫರೆನ್ಸ್ ಹಿಡಿದು ಎಣಿಕೆಯನ್ನು 2 ಮಾಡುತ್ತದೆ, ಪ್ರೋಗ್ರಾಂ ತೆರೆದ ಡ್ರೈವರ್ ಫೈಲಿನ ಹ್ಯಾಂಡಲ್ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಅದಕ್ಕೆ ಕಟ್ಟುತ್ತದೆ. ಪ್ರೋಗ್ರಾಂ ಬಫರನ್ನು ಗುರುತಿಸುವುದು ಈ ಹ್ಯಾಂಡಲ್ ಸಂಖ್ಯೆಯಿಂದ. ಡ್ರೈವರಿನ ತಾತ್ಕಾಲಿಕ ರೆಫರೆನ್ಸಿನ ಕೆಲಸ ಮುಗಿಯಿತೆಂದು ವಿಜೆಮ್ ತಕ್ಷಣ 'ಪುಟ್' ಕರೆದು ಎಣಿಕೆಯನ್ನು 1ಕ್ಕೆ ಇಳಿಸುತ್ತದೆ. ಇಷ್ಟಾದ ಮೇಲೆ ಆಬ್ಜೆಕ್ಟಿನೊಳಗಿನ ಗಾತ್ರವನ್ನು ಓದಿ ಬಳಕೆದಾರರಿಗೆ ಉತ್ತರವಾಗಿ ಬರೆಯುತ್ತದೆ.

ತಪ್ಪು ಇರುವುದು ಆ ಕೊನೆಯ ಓದಿನಲ್ಲಿ. ಹ್ಯಾಂಡಲ್ ಸಂಖ್ಯೆ ಪಟ್ಟಿಗೆ ಸೇರಿದ ಕ್ಷಣದಿಂದಲೇ ಅದೇ ಫೈಲನ್ನು ಹಂಚಿಕೊಂಡ ಇನ್ನೊಂದು ಥ್ರೆಡ್, ಅಂದರೆ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ನಡೆಯುವ ಇನ್ನೊಂದು ಎಳೆ, 'ಜೆಮ್ ಕ್ಲೋಸ್' ಕರೆದು ಅದನ್ನು ಮುಚ್ಚಬಹುದು. ಸಂಖ್ಯೆ ಇನ್ನೂ ಯಾರಿಗೂ ಹೇಳಿಲ್ಲವಲ್ಲ, ಹೇಗೆ ಗೊತ್ತಾಗಬೇಕು ಅನ್ನಬಹುದು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ನುಗಳು 1ರಿಂದ ಶುರುವಾಗಿ, ಖಾಲಿಯಾದ ಅತಿ ಸಣ್ಣ ಸಂಖ್ಯೆಯನ್ನೇ ಮತ್ತೆ ಕೊಡುವ ಹಾಗಿದ್ದರೆ, ಬೆಳಿಗ್ಗೆ ಮೊದಲು ಬಂದವರ ಟೋಕನ್ ಎಷ್ಟೆಂದು ಊಹಿಸಲು ಜ್ಯೋತಿಷ್ಯ ಬೇಡ. ಹ್ಯಾಂಡಲ್ ಪಟ್ಟಿಯೂ ಹಾಗೆಯೇ. ಹೊಸದಾಗಿ ತೆರೆದ ಫೈಲಿನಲ್ಲಿ ಮೊದಲ ಹ್ಯಾಂಡಲ್ 1. ಅದನ್ನು ಮುಚ್ಚಿದರೆ ಮುಂದಿನದೂ 1.

ಇಲ್ಲಿ ಎರಡು ಬೇರೆ ಎಣಿಕೆಗಳಿವೆ ಎಂಬುದನ್ನು ಗಮನದಲ್ಲಿಡಬೇಕು. ಆಬ್ಜೆಕ್ಟಿನ ರೆಫರೆನ್ಸ್ ಎಣಿಕೆ ಒಂದು, ಹ್ಯಾಂಡಲ್ ಎಣಿಕೆ ಇನ್ನೊಂದು. ಮೊದಲನೆಯದು ಸೊನ್ನೆಯಾದರೆ ಮೆಮೊರಿ ಬಿಡುಗಡೆ. ಎರಡನೆಯದು ಸೊನ್ನೆಯಾದರೆ ಹ್ಯಾಂಡಲ್‌ಗಳ ಪರವಾಗಿ ಹಿಡಿದಿದ್ದ ಒಂದು ರೆಫರೆನ್ಸ್ ಮಾತ್ರ ಬಿಡುತ್ತದೆ. ಕೋಡ್ ಓದುವಾಗ ಇವೆರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂಬ ಭ್ರಮೆ ಬರುತ್ತದೆ. ದೋಷ ಇಷ್ಟು ದಿನ ಉಳಿದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಎರಡು ಥ್ರೆಡ್‌ಗಳು ಪೈಪೋಟಿಗೆ ಬೀಳುವ ಈ ಓಟದ (ರೇಸ್) ಕ್ರಮ ಎರಡು ಬಗೆ. ಎರಡನೆಯ ಥ್ರೆಡ್ ಬೇಗ ಬಂದು ಹ್ಯಾಂಡಲ್ ಮುಚ್ಚಿದರೆ ಎಣಿಕೆ 2ರಿಂದ 1ಕ್ಕಿಳಿಯುತ್ತದೆ, ಆಮೇಲೆ ಡ್ರೈವರ್ ತಾನೇ ಕರೆಯುವ ಪುಟ್ ಅದನ್ನು ಸೊನ್ನೆ ಮಾಡಿ ಆಬ್ಜೆಕ್ಟನ್ನು ಬಿಡುಗಡೆ ಮಾಡುತ್ತದೆ. ಸ್ವಲ್ಪ ತಡವಾಗಿ ಬಂದರೆ ಡ್ರೈವರಿನ ಪುಟ್ ಮೊದಲು ಆಗಿರುತ್ತದೆ, ಬಿಡುಗಡೆ ಮಾಡುವುದು ಮುಚ್ಚುವ ಥ್ರೆಡ್. ಎರಡರಲ್ಲೂ ಗಾತ್ರದ ಓದು ಬೀಳುವುದು ಸತ್ತ ಮೆಮೊರಿಯ ಮೇಲೆ. ಅಂದರೆ ಅಪಾಯದ ಕಿಂಡಿ ಪುಟ್ ಮತ್ತು ಓದಿನ ನಡುವಿನ ನಾಲ್ಕಾರು ಸೂಚನೆಗಳಷ್ಟೇ ಅಲ್ಲ. ಸಂಖ್ಯೆ ಪಟ್ಟಿಗೆ ಸೇರಿದ ಗಳಿಗೆಯಿಂದ ಓದಿನವರೆಗೂ ಅದು ತೆರೆದಿರುತ್ತದೆ. ಈ ನಡುವೆ ಒಂದು ಲಾಕ್ ಬಿಡುವ ಕೆಲಸ, ಎಂಮ್ಯಾಪ್ (ಬಫರನ್ನು ಪ್ರೋಗ್ರಾಮಿನ ಮೆಮೊರಿಗೆ ಜೋಡಿಸುವ ಕರೆ) ಅನುಮತಿಗಾಗಿ ಒಂದು ಸಣ್ಣ ಮೆಮೊರಿ ಹಂಚಿಕೆ ಎಲ್ಲ ಇವೆ. ಹಾಗಾಗಿ ಇದು ಅಂದುಕೊಂಡದ್ದಕ್ಕಿಂತ ಅಗಲ.

ಕರ್ನಲ್ ಕಟ್ಟುವುದು

2020ರ ಜನವರಿಯಲ್ಲಿ ಬಿಡುಗಡೆಯಾದ 5.5ನ್ನು ತೆಗೆದುಕೊಂಡೆವು. ದುರಸ್ತಿ ಬಂದದ್ದು ಅದರ ನಂತರ. ಮುಖ್ಯ ಬಿಡುಗಡೆಯನ್ನೇ ಬಳಸಿ. 5.5.ಏನೋ ಎಂಬ ಸ್ಥಿರ ಸರಣಿಯ ಕೊನೆಯ ಆವೃತ್ತಿಯನ್ನು ಎಳೆದುಕೊಂಡರೆ ಅದರಲ್ಲಿ ಪ್ಯಾಚ್ ಈಗಾಗಲೇ ಸೇರಿರಬಹುದು.

ಮೊದಲ ತೊಡಕು ಕಂಪೈಲರಿನದು. ಇವತ್ತಿನ ಡಿಸ್ಟ್ರೊಗಳಲ್ಲಿರುವ ಜಿಸಿಸಿಯಿಂದ 5.5 ಕಟ್ಟಲು ಹೋದರೆ ಒಂದೋ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕಟ್ಟಿಯೂ ಬೂಟ್ ಆಗುವುದಿಲ್ಲ. ಜಿಸಿಸಿ 10ರಿಂದ ಕಟ್ಟಿದ ಆ ಕಾಲದ ಕರ್ನಲ್, ಸ್ಟ್ಯಾಕ್ ಕೆಟ್ಟಿದೆಯೇ ಎಂದು ಕಾಯುವ ಸ್ಟ್ಯಾಕ್ ಪ್ರೊಟೆಕ್ಟರ್ ಚಾಲೂ ಇದ್ದರೆ, ಎರಡನೆಯ ಸಿಪಿಯು ಎಬ್ಬಿಸುವ ಹಂತದಲ್ಲೇ 'ಕರ್ನಲ್ ಸ್ಟ್ಯಾಕ್ ಕೆಟ್ಟಿದೆ' ಎಂದು ಪ್ಯಾನಿಕ್ ಆಗುತ್ತದೆ. ಆ ಫಂಕ್ಷನ್ ಸ್ಟ್ಯಾಕ್ ಕಾವಲಿನ ಮೌಲ್ಯವನ್ನು ತಾನೇ ಬದಲಿಸುತ್ತದೆ, ಹೊಸ ಕಂಪೈಲರ್ ಕೊನೆಯ ಕರೆಯನ್ನು ಜಿಗಿತವಾಗಿ ಮಾರ್ಪಡಿಸುವುದರಿಂದ ಕಾವಲಿನ ತಪಾಸಣೆ ಬೇಡದ ಜಾಗದಲ್ಲಿ ನಡೆಯುತ್ತದೆ. ನಾವು ಹುಡುಕುತ್ತಿರುವ ದೋಷಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆದರೆ 'ಸ್ಟ್ಯಾಕ್ ಕೆಟ್ಟಿದೆ' ಎಂಬ ಸಾಲು ನೋಡಿ ಏನೋ ಸಿಕ್ಕಿಬಿಟ್ಟಿತು ಎಂದು ಹಿಗ್ಗುವುದು ಸುಲಭ. ಡೆಬಿಯನ್ 10ರ ಕಂಟೇನರ್ ಒಂದರಲ್ಲಿ ಅದರದೇ ಜಿಸಿಸಿ 8ರಿಂದ ಕಟ್ಟಿದರೆ ಈ ರಗಳೆಯೇ ಇಲ್ಲ.

ಕಾನ್ಫಿಗ್‌ನಲ್ಲಿ ಬೇಕಾದವು ಇಷ್ಟು: ಡಿಆರ್‌ಎಂ (ಕರ್ನಲ್ಲಿನ ಗ್ರಾಫಿಕ್ಸ್ ವ್ಯವಸ್ಥೆ) ಮತ್ತು ವಿಜೆಮ್ ಎರಡನ್ನೂ ಮಾಡ್ಯೂಲ್ ಆಗಿ ಅಲ್ಲ, ಒಳಗೇ ಸೇರಿಸಿ. ಮಾಡ್ಯೂಲ್ ಆಗಿಟ್ಟರೆ ಯಾವ ಹಾರ್ಡ್‌ವೇರೂ ಅದನ್ನು ಕರೆಯದ ಕಾರಣ ತಾನಾಗಿ ಲೋಡ್ ಆಗುವುದಿಲ್ಲ, ಕೈಯಿಂದ ಹಾಕಬೇಕು. ಮೆಮೊರಿ ದೋಷ ಹಿಡಿಯುವ ಕಸಾನ್‌ನ ಜೆನೆರಿಕ್ ಬಗೆ, ಇನ್‌ಲೈನ್ ಇನ್‌ಸ್ಟ್ರುಮೆಂಟೇಶನ್, ಮೆಮೊರಿ ಹಂಚಿಕೆಯ ತಪಾಸಣೆಗೆ ಸ್ಲಬ್ ಡೀಬಗ್, ಡೀಬಗ್ ಮಾಹಿತಿ ಇವೂ ಬೇಕು. ಕೊನೆಯದನ್ನು ಮರೆತರೆ ವರದಿ ಬಂದಾಗ ವಿಳಾಸಗಳಷ್ಟೇ ಸಿಗುತ್ತವೆ, ಸಾಲಿನ ಸಂಖ್ಯೆ ಸಿಗುವುದಿಲ್ಲ, ಮತ್ತೆ ಮೊದಲಿನಿಂದ ಕಟ್ಟಬೇಕು.

ಕಸಾನ್ ಏನು ಮಾಡುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ಕರ್ನಲ್ ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟ್ ನೆರಳು ಇಡುತ್ತದೆ. ಅಂದರೆ ಎಂಟನೆಯ ಒಂದು ಭಾಗ ಅದಕ್ಕೇ ಹೋಯಿತು. ನೆರಳಿನಲ್ಲಿ 00 ಇದ್ದರೆ ಎಂಟೂ ಬೈಟ್ ಮುಟ್ಟಬಹುದು, ಹೆಕ್ಸ್ ಎಫ್‌ಬಿ ಇದ್ದರೆ ಬಿಡುಗಡೆಯಾದ ಸ್ಲ್ಯಾಬ್ ಮೆಮೊರಿ, ಎಫ್‌ಸಿ ಇದ್ದರೆ ಆಬ್ಜೆಕ್ಟುಗಳ ಸುತ್ತಲಿನ ನಿಷಿದ್ಧ ವಲಯ. ಪ್ರತಿ ಓದು-ಬರಹದ ಮೊದಲು ಕಂಪೈಲರ್ ಒಂದು ತಪಾಸಣೆ ಸೇರಿಸಿರುತ್ತದೆ. ಬಿಡುಗಡೆಯಾದ ಆಬ್ಜೆಕ್ಟನ್ನು ಕೂಡಲೇ ಬೇರೆಯವರಿಗೆ ಕೊಡದೆ ಸ್ವಲ್ಪ ಕಾಲ ಕ್ವಾರಂಟೈನಿನಲ್ಲಿ ಕೂಡಿಡುತ್ತದೆ. ನಮ್ಮಂಥ ದೋಷ ಸಿಗುವುದು ಹೆಚ್ಚಾಗಿ ಈ ಕೂಡಿಡುವಿಕೆಯಿಂದಲೇ. ಇಲ್ಲವಾದರೆ ಆ ಜಾಗ ಇನ್ನೊಬ್ಬರ ಪಾಲಾಗಿ ನೆರಳು ಮತ್ತೆ 00 ಆಗಿಬಿಟ್ಟಿರುತ್ತದೆ, ತಪ್ಪು ಓದು ಸರಿಯಾದ ಓದಿನಂತೆ ಕಾಣುತ್ತದೆ.

ಕ್ಯೂಎಮು ಮತ್ತು ಪರೀಕ್ಷಾ ಪ್ರೋಗ್ರಾಂ

ಕ್ಯೂಎಮುವಿಗೆ 2 ಜಿಬಿ ಮೆಮೊರಿ, 4 ಸಿಪಿಯು, ವೇಗಕ್ಕೆ ಕೆವಿಎಂ ಚಾಲೂ. ಸಿಪಿಯು ಒಂದೇ ಕೊಟ್ಟರೆ ಥ್ರೆಡ್‌ಗಳು ಸರದಿಯಲ್ಲಿ ಓಡುತ್ತವೆ, ಕಿಂಡಿಯ ನಡುವೆಯೇ ಸರದಿ ಬದಲಾಗಬೇಕೆಂದರೆ ಅದೃಷ್ಟ ಬೇಕು. ವಿಜಿಎ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. 'ಗ್ರಾಫಿಕ್ಸ್ ಇಲ್ಲ' ಎಂಬ ಆಯ್ಕೆ ಕಿಟಕಿಯನ್ನಷ್ಟೇ ತೆಗೆಯುತ್ತದೆ, ಒಳಗಿನ ವಿಜಿಎ ಸಾಧನ ಹಾಗೇ ಇರುತ್ತದೆ. ಕರ್ನಲ್ಲಿನಲ್ಲಿ ಆ ವಿಜಿಎಯನ್ನು ನಡೆಸುವ ಬಾಕ್ಸ್ ಡ್ರೈವರೂ ಇದ್ದರೆ ಕಾರ್ಡ್0 ಎಂಬ ಸಾಧನ ಫೈಲ್ ಅದಕ್ಕೆ ಹೋಗಿ ವಿಜೆಮ್ ಕಾರ್ಡ್1 ಆಗಬಹುದು. ಆಗ ನೀವು ಇಡೀ ದಿನ ತಪ್ಪಾದ ಡ್ರೈವರನ್ನು ಬಡಿಯುತ್ತಿರುತ್ತೀರಿ. ಪ್ರೋಗ್ರಾಮಿನ ಮೊದಲ ಕೆಲಸವಾಗಿ ಡಿಆರ್‌ಎಂ ಆವೃತ್ತಿ ಕೇಳಿ, ಬಂದ ಹೆಸರು ವಿಜೆಮ್ ಅಲ್ಲದಿದ್ದರೆ ಅಲ್ಲೇ ನಿಲ್ಲುವಂತೆ ಬರೆದುಕೊಳ್ಳಿ.

ವಿಜೆಮ್‌ನ ಎರಡು ಸಾಧನ ಫೈಲುಗಳಲ್ಲಿ ತೆರೆಯಬೇಕಾದದ್ದು ಕಾರ್ಡ್ ನೋಡ್, ರೆಂಡರ್ ನೋಡ್ ಅಲ್ಲ. ಡಂಬ್ ಬಫರ್ ಮಾಡುವ ಕರೆಗೆ ರೆಂಡರ್ ನೋಡಿನಲ್ಲಿ ಅನುಮತಿ ಇಲ್ಲ, 'ಅನುಮತಿ ನಿರಾಕರಿಸಲಾಗಿದೆ' ಎಂದು ವಾಪಸ್ಸು ಬರುತ್ತದೆ. ಜೆಮ್ ಕ್ಲೋಸ್ ಮಾತ್ರ ಎರಡೂ ಕಡೆ ನಡೆಯುತ್ತದೆ.

ಪ್ರೋಗ್ರಾಂ ಐವತ್ತು-ಅರವತ್ತು ಸಾಲು. ಒಂದು ಫೈಲ್ ತೆರೆದು ಎರಡು ಥ್ರೆಡ್‌ಗಳಿಗೆ ಅದನ್ನೇ ಕೊಡಬೇಕು. ಒಂದು ಥ್ರೆಡ್ 64×64×32ರ ಡಂಬ್ ಬಫರ್ ಮಾಡುತ್ತಲೇ ಇರುತ್ತದೆ. ಇನ್ನೊಂದು ಹ್ಯಾಂಡಲ್ 1ನ್ನು ಮುಚ್ಚುತ್ತಲೇ ಇರುತ್ತದೆ. ಮುಚ್ಚಲು ಏನೂ ಇಲ್ಲದಾಗ 'ಅಮಾನ್ಯ ಆರ್ಗ್ಯುಮೆಂಟ್' ದೋಷ ಬರುತ್ತದೆ, ಅದನ್ನು ಲೆಕ್ಕಿಸಬೇಡಿ, ಮುದ್ರಿಸಲೂ ಬೇಡಿ. ಆ ಸುರುಳಿಯಲ್ಲಿ ಮುದ್ರಣ ಇಟ್ಟರೆ ಓಟದ ಲಯವೇ ಹೋಗುತ್ತದೆ. ಎರಡೂ ಥ್ರೆಡ್‌ಗಳನ್ನು ಬೇರೆ ಬೇರೆ ಸಿಪಿಯುಗಳಿಗೆ ಕಟ್ಟಿ.

ನಮ್ಮ ಮೊದಲ ಕರಡಿನಲ್ಲಿ ಇದ್ದ ಒಂದು ತಪ್ಪು ಹೇಳಲೇಬೇಕು, ಯಾಕೆಂದರೆ ಬಹಳ ಮಂದಿ ಇದನ್ನೇ ಮಾಡುತ್ತಾರೆ. ಸೃಷ್ಟಿಸುವ ಥ್ರೆಡ್ ತಾನು ಪಡೆದ ಹ್ಯಾಂಡಲನ್ನು ಮುಚ್ಚುತ್ತಿರಲಿಲ್ಲ, ಹೇಗೂ ಇನ್ನೊಬ್ಬ ಮುಚ್ಚುತ್ತಾನಲ್ಲ ಎಂಬ ಭರವಸೆ. ಸೃಷ್ಟಿ ಒಮ್ಮೆ ವೇಗವಾಗಿ ಓಡಿದಾಗ 1 ಇನ್ನೂ ತೆರೆದೇ ಇರುತ್ತದೆ, ಮುಂದಿನ ಬಫರಿಗೆ 2 ಸಿಗುತ್ತದೆ, ಆ 2ನ್ನು ಮುಚ್ಚುವವರೇ ಇಲ್ಲ. ಹೀಗೆ 3, 4 ಎಂದು ಅನಾಥ ಹ್ಯಾಂಡಲ್‌ಗಳು ಸೇರುತ್ತ ಹೋಗುತ್ತವೆ. ಪ್ರತಿಯೊಂದರ ಹಿಂದೆ ಒಂದು ಶೇರ್ಡ್ ಮೆಮೊರಿ ಫೈಲ್ ಇರುವುದರಿಂದ 2 ಜಿಬಿಯ ಯಂತ್ರ ನಿಧಾನಕ್ಕೆ ಉಸಿರುಗಟ್ಟಿ, ಕೊನೆಗೆ ಮೆಮೊರಿ ತೀರಿದಾಗ ಏಳುವ ಓಓಎಂ ಕಿಲ್ಲರ್ ಬಂದು ಪ್ರೋಗ್ರಾಮನ್ನು ಕೊಂದುಹಾಕುತ್ತದೆ. ಸೃಷ್ಟಿಸುವ ಥ್ರೆಡ್ಡೂ ತನಗೆ ಸಿಕ್ಕ ಹ್ಯಾಂಡಲನ್ನು ಮುಚ್ಚಲಿ, ಆಗಲೇ ಮುಚ್ಚಿಹೋಗಿದ್ದರೆ ಬರುವ ದೋಷವನ್ನು ನುಂಗಲಿ. ಆಗ ಸಂಖ್ಯೆ ಯಾವಾಗಲೂ 1ಕ್ಕೇ ಮರಳುತ್ತದೆ.

ಬಹಳ ಹೊತ್ತು ಓಡಿಸಿದರೂ ಏನೂ ಬರದಿದ್ದರೆ ಪರೀಕ್ಷಾ ಕರ್ನಲ್ಲಿನಲ್ಲಿ ಪುಟ್ ಆದ ಮೇಲೆ, ಗಾತ್ರದ ಓದಿಗೆ ಮೊದಲು ಒಂದು ಮಿಲಿಸೆಕೆಂಡಿನ ಕಾಯುವಿಕೆ ಸೇರಿಸಿ. ಇದು ಮೋಸ ಅನ್ನಿಸಬಹುದು. ಆದರೆ ಕಾಯುವಿಕೆ ದೋಷವನ್ನು ಹುಟ್ಟಿಸುವುದಿಲ್ಲ, ಇದ್ದ ಕಿಂಡಿಯನ್ನು ಅಗಲ ಮಾಡುತ್ತದೆ ಅಷ್ಟೆ. ಸರಿಯಾದ ಕೋಡಿನಲ್ಲಿ ಅದೇ ಜಾಗದಲ್ಲಿ ಒಂದು ಗಂಟೆ ಕಾಯಿಸಿದರೂ ವರದಿ ಬರಬಾರದು. ಪ್ಯಾಚ್ ಹಾಕಿದ ಮೇಲೆ ಕಾಯುವಿಕೆಯನ್ನು ಉಳಿಸಿಕೊಂಡೇ ಮತ್ತೆ ಪರೀಕ್ಷಿಸಿದ್ದು ಇದಕ್ಕೇ.

ವರದಿ ಓದುವುದು

ಕಸಾನ್ ವರದಿಯ ಮೊದಲ ಸಾಲು ದೋಷದ ಬಗೆ ಮತ್ತು ಜಾಗ ಹೇಳುತ್ತದೆ: ಯೂಸ್-ಆಫ್ಟರ್-ಫ್ರೀ (ಬಿಡುಗಡೆಯಾದ ಮೇಲೆ ಬಳಕೆ), ವಿಜೆಮ್‌ನ ಡಂಬ್ ಕ್ರಿಯೇಟ್ ಫಂಕ್ಷನ್. ಎರಡನೆಯ ಸಾಲು, 8 ಬೈಟಿನ ಓದು. 64 ಬಿಟ್ ಯಂತ್ರದಲ್ಲಿ ಗಾತ್ರದ ಫೀಲ್ಡ್ 8 ಬೈಟ್, ಹೊಂದುತ್ತದೆ. ಡಿಕೋಡ್ ಸ್ಟಾಕ್‌ಟ್ರೇಸ್ ಸ್ಕ್ರಿಪ್ಟಿಗೆ ವಿಎಂಲಿನಕ್ಸ್ ಫೈಲ್ ಕೊಟ್ಟು ವರದಿಯನ್ನು ಹಾಯಿಸಿದರೆ ಸಾಲಿನ ಸಂಖ್ಯೆಗಳು ಸೇರಿಕೊಳ್ಳುತ್ತವೆ. ಒಳಗಿನ ಜೆಮ್ ಕ್ರಿಯೇಟ್ ಫಂಕ್ಷನ್ ಸಣ್ಣದಾದ್ದರಿಂದ ಕಂಪೈಲರ್ ಅದನ್ನು ಇನ್‌ಲೈನ್ ಮಾಡಿರುತ್ತದೆ. ಟ್ರೇಸಿನಲ್ಲಿ ಅದರ ಹೆಸರು ಬಾರದಿದ್ದರೆ ಗಾಬರಿ ಬೇಡ.

ನಿಜವಾದ ಕಥೆ ಇರುವುದು ಕೆಳಗಿನ ಎರಡು ಪಟ್ಟಿಗಳಲ್ಲಿ: ಈ ಮೆಮೊರಿಯನ್ನು ಹಂಚಿದ್ದು ಯಾರು, ಬಿಡುಗಡೆ ಮಾಡಿದ್ದು ಯಾರು. ಹಂಚಿದ್ದು ಯಾವಾಗಲೂ ಸೃಷ್ಟಿಸುವ ಥ್ರೆಡ್. ಬಿಡುಗಡೆ ಮಾತ್ರ ಕೆಲವು ವರದಿಗಳಲ್ಲಿ ಜೆಮ್ ಕ್ಲೋಸ್ ಮೂಲಕ ಎರಡನೆಯ ಥ್ರೆಡ್ಡಿನಿಂದ, ಇನ್ನು ಕೆಲವದರಲ್ಲಿ ಸೃಷ್ಟಿಸುವ ಥ್ರೆಡ್ಡಿನಿಂದಲೇ. ಮೇಲೆ ಹೇಳಿದ ಎರಡು ಕ್ರಮಗಳಿಗೆ ಇದೇ ಸಾಕ್ಷಿ. ಸೃಷ್ಟಿಸುವ ಥ್ರೆಡ್ಡೇ ಬಿಡುಗಡೆ ಮಾಡಿದ ಬಗೆಯ ಒಂದೇ ಒಂದು ವರದಿ ಕೈಗೆ ಸಿಕ್ಕವರು ದಾರಿ ತಪ್ಪುತ್ತಾರೆ. ಹಂಚಿದವನೂ ಬಿಟ್ಟವನೂ ಓದಿದವನೂ ಒಬ್ಬನೇ, ಇದು ಓಟದ ಸಮಸ್ಯೆಯೇ ಅಲ್ಲ, ಎಣಿಕೆಯಲ್ಲೇ ತಪ್ಪಿದೆ ಅನ್ನಿಸುತ್ತದೆ. ಮುಚ್ಚುವ ಥ್ರೆಡ್ ಎಣಿಕೆಯನ್ನು 2ರಿಂದ 1ಕ್ಕೆ ಇಳಿಸಿ ಸುಮ್ಮನೆ ಹೋಗಿದೆ. ಎಣಿಕೆ ಇಳಿಸಿದವರ ಹೆಸರನ್ನು ಕಸಾನ್ ಬರೆದಿಡುವುದಿಲ್ಲ, ಸೊನ್ನೆ ಮಾಡಿದವರದ್ದು ಮಾತ್ರ. ಒಂದಕ್ಕಿಂತ ಹೆಚ್ಚು ವರದಿ ಬೇಕೆಂದರೆ ಬೂಟ್ ಸಾಲಿಗೆ ಕಸಾನ್ ಮಲ್ಟಿ ಶಾಟ್ ಆಯ್ಕೆ ಸೇರಿಸಬೇಕು. ಇಲ್ಲದಿದ್ದರೆ ಮೊದಲನೆಯದನ್ನು ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ.

ಕಸಾನ್ ಇಲ್ಲದೆಯೂ ಇದನ್ನು ಕಣ್ಣಾರೆ ಕಾಣಬಹುದು, ನಮಗೆ ಹೆಚ್ಚು ಹಿಡಿಸಿದ್ದು ಈ ದಾರಿ. ಸಾಮಾನ್ಯ ಕರ್ನಲ್ಲಿನಲ್ಲಿ ಓಟ ಗೆದ್ದರೂ ಬಳಕೆದಾರರಿಗೆ ಬರುವ ಗಾತ್ರ ಹೆಚ್ಚಿನ ಸಲ ಸರಿಯಾಗಿ 16384 ಆಗಿಯೇ ಇರುತ್ತದೆ. ಬಿಡುಗಡೆಯಾದ ಮೆಮೊರಿಯಲ್ಲಿ ಹಳೆಯ ಬೈಟುಗಳು ಹಾಗೇ ಬಿದ್ದಿರುತ್ತವೆ, ಇನ್ನೊಬ್ಬರು ಆ ಜಾಗ ಪಡೆದು ಬರೆಯುವ ತನಕ. ದೋಷ ಇದ್ದೂ ಲಕ್ಷಣ ಇಲ್ಲ. ಬೂಟ್ ಸಾಲಿನಲ್ಲಿ ಸ್ಲಬ್ ಡೀಬಗ್‌ಗೆ ಪಾಯ್ಸನ್ ಆಯ್ಕೆ ಕೊಟ್ಟರೆ ಬಿಡುಗಡೆಯಾದ ಆಬ್ಜೆಕ್ಟಿನ ಕೊನೆಯ ಬೈಟ್ ಬಿಟ್ಟು ಉಳಿದ ಪ್ರತಿ ಬೈಟನ್ನೂ ಹೆಕ್ಸ್ 6ಬಿ ಎಂದು ತುಂಬುತ್ತದೆ. ಆಗ ಓಟ ಗೆದ್ದ ಸಲ ಬಫರಿನ ಗಾತ್ರವಾಗಿ ಬಳಕೆದಾರರ ಪ್ರೋಗ್ರಾಮಿಗೆ ಸಿಗುವ ಸಂಖ್ಯೆ 7740398493674204011. ಎಂಟು ಬೈಟೂ 6ಬಿ. ನಾಲ್ಕು ಪುಟದ ಬಫರಿಗೆ ಈ ಗಾತ್ರ! ಗಾತ್ರ 16384 ಅಲ್ಲದಿದ್ದರೆ ಮುದ್ರಿಸು ಎಂಬ ಒಂದು ಸಾಲು ಪರೀಕ್ಷೆಗೆ ಸಾಕು.

ಈ ಸಂಖ್ಯೆ ದೋಷದ ತೂಕವನ್ನೂ ಹೇಳುತ್ತದೆ. ಸತ್ತ ಆಬ್ಜೆಕ್ಟಿನಿಂದ 8 ಬೈಟ್ ಓದಿ ಹೊರಗೆ ಕೊಡುತ್ತದೆ, ಬರೆಯುವುದಿಲ್ಲ. ಆ ಜಾಗಕ್ಕೆ ಬೇರೆ ಕರ್ನಲ್ ದತ್ತಾಂಶ ಬಂದು ಕೂತಿದ್ದರೆ ಅದರ 8 ಬೈಟ್ ಸೋರಬಹುದು. ವೆಟ್ಟರ್ ಅವರ ಪ್ಯಾಚ್ ಟಿಪ್ಪಣಿಯೂ ಇದನ್ನು ದೊಡ್ಡದು ಮಾಡಲಿಲ್ಲ. ಇಂಥ ಓಟಕ್ಕಿಳಿದ ಪ್ರೋಗ್ರಾಂ ತನ್ನ ಕಾಲಿಗೆ ತಾನೇ ಗುಂಡು ಹೊಡೆದುಕೊಂಡಂತೆ, ಆದರೂ ಮಾಹಿತಿ ಸೋರಿಕೆಗೆ ಯಾರಾದರೂ ಬಳಸಬಹುದು ಎಂಬ ಧಾಟಿಯಲ್ಲಿದೆ. ನಮಗೂ ಅದು ಸರಿಯಾದ ಅಳತೆ ಅನ್ನಿಸಿತು.

ಸರಿಮಾಡುವುದು

ಮೂರು ದಾರಿ ತೋಚುತ್ತವೆ, ಎರಡು ತಪ್ಪು.

ಒಂದು, ಗಾತ್ರ ಹೇಗೂ ಲೋಕಲ್ ವೇರಿಯಬಲ್‌ನಲ್ಲಿದೆಯಲ್ಲ, ಆಬ್ಜೆಕ್ಟನ್ನು ಮುಟ್ಟದೆ ಅದನ್ನೇ ಕೊಟ್ಟರಾಯಿತು. 64×64ರ ಪರೀಕ್ಷೆ ಇದಕ್ಕೆ ಪಾಸ್ ಹಾಕಿಬಿಡುತ್ತದೆ, ಯಾಕೆಂದರೆ 16384 ಸರಿಯಾಗಿ ನಾಲ್ಕು ಪುಟ. 10×10×32 ಕೇಳಿ ನೋಡಿ. ಲೋಕಲ್ ವೇರಿಯಬಲ್ 400 ಅನ್ನುತ್ತದೆ, ಆಬ್ಜೆಕ್ಟ್ 4096 ಅನ್ನುತ್ತದೆ. ಬಳಕೆದಾರರ ಕಡೆಗೆ ಇಲ್ಲಿಯವರೆಗೆ ಹೋಗುತ್ತಿದ್ದದ್ದು ಪುಟಕ್ಕೆ ಸರಿಹೊಂದಿಸಿದ ಗಾತ್ರ, ಅದು ಸದ್ದಿಲ್ಲದೆ ಬದಲಾಗಿಬಿಡುತ್ತದೆ. ಕರ್ನಲ್ಲಿನಲ್ಲಿ ಬಳಕೆದಾರರಿಗೆ ಕಾಣುವ ನಡವಳಿಕೆ ಬದಲಿಸುವುದು ದೋಷಕ್ಕಿಂತ ದೊಡ್ಡ ಅಪರಾಧ.

ಎರಡು, ಲಾಕ್ ಹಿಡಿಯುವುದು. ಹ್ಯಾಂಡಲ್ ಕ್ರಿಯೇಟ್ ತನ್ನೊಳಗೆ ಹಿಡಿಯುವ ಲಾಕನ್ನೇ ಹೊರಗಿನಿಂದ ಹಿಡಿದು ಕರೆದರೆ ಅಲ್ಲೇ ಡೆಡ್‌ಲಾಕ್.

ಮೂರನೆಯದು ವೆಟ್ಟರ್ ಮಾಡಿದ್ದು: ಪುಟ್ ಕರೆಯನ್ನು ಕೆಳಗೆ ಸರಿಸುವುದು. ಹ್ಯಾಂಡಲ್ ಕ್ರಿಯೇಟ್ ವಿಫಲವಾದರೆ ಅಲ್ಲೇ ಪುಟ್, ಸಫಲವಾದರೆ ಗಾತ್ರವನ್ನು ಓದಿಯಾದ ಮೇಲೆ ಪುಟ್. ಓದುವಾಗ ನಮ್ಮ ಸ್ವಂತ ರೆಫರೆನ್ಸ್ ಕೈಯಲ್ಲಿರುತ್ತದೆ, ಹ್ಯಾಂಡಲ್ ಯಾರು ಮುಚ್ಚಿದರೂ ಎಣಿಕೆ 1ಕ್ಕಿಂತ ಕೆಳಗೆ ಹೋಗದು. ನಾಲ್ಕಾರು ಸಾಲಿನ ಬದಲಾವಣೆ.

ಇಲ್ಲಿ ಸಫಲವಾದ ಹಾದಿಯ ಪುಟ್ ಮರೆತರೆ ಯೂಸ್-ಆಫ್ಟರ್-ಫ್ರೀ ಹೋಗಿ ಮೆಮೊರಿ ಸೋರಿಕೆ ಬರುತ್ತದೆ. ಕಸಾನ್ ಆಗ ಮೌನ, ಪರೀಕ್ಷೆ ಹಸಿರು. ಬೇಕೆಂದೇ ಹಾಗೆ ಬಿಟ್ಟು ನೋಡಿದೆವು. ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಚಾಲೂ ಮಾಡಿ ಕಟ್ಟಿದ ಕರ್ನಲ್ಲಿನಲ್ಲಿ ಡೀಬಗ್‌ಎಫ್‌ಎಸ್ ಮೂಲಕ ಸ್ಕ್ಯಾನ್ ಹೇಳಿದರೆ ಅನಾಥ ಆಬ್ಜೆಕ್ಟುಗಳ ಪಟ್ಟಿ ಬರುತ್ತದೆ. 5 ಸೆಕೆಂಡಿಗಿಂತ ಎಳೆಯ ಹಂಚಿಕೆಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರೋಗ್ರಾಂ ನಿಲ್ಲಿಸಿ ಸ್ವಲ್ಪ ತಡೆದು ಸ್ಕ್ಯಾನ್ ಮಾಡಬೇಕು. ಪ್ಯಾಚ್ ಪರೀಕ್ಷೆಯ ಪಟ್ಟಿಯಲ್ಲಿ ಕಸಾನ್ ಪಕ್ಕದಲ್ಲಿ ಕೆಮೆಮ್‌ಲೀಕ್ ಇರಲೇಬೇಕು ಎಂದು ನಾವು ಹೇಳುವುದು ಇದಕ್ಕೆ. ಇದರ ಜೊತೆಗೆ ಐಜಿಟಿ ಪರೀಕ್ಷಾ ಗುಚ್ಛದಲ್ಲಿರುವ ವಿಜೆಮ್ ಬೇಸಿಕ್ ಓಡಿಸಿ, ಮೊದಲಿದ್ದ ನಡವಳಿಕೆ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಅದೇ ಫಂಕ್ಷನ್ನಿನ 2019ರ ದೋಷ ಇದರ ಅಣ್ಣ. ಆಗ ಹ್ಯಾಂಡಲ್ ಕ್ರಿಯೇಟ್ ವಿಫಲವಾದರೆ ಮೊದಲು ಪುಟ್ ಆಬ್ಜೆಕ್ಟನ್ನು ಬಿಡುಗಡೆ ಮಾಡುತ್ತಿತ್ತು, ಅದರ ಕೆಳಗಿನ ದೋಷ ನಿರ್ವಹಣೆಯ ಸಾಲು ಅದನ್ನೇ ಇನ್ನೊಮ್ಮೆ ನಾಶ ಮಾಡಲು ಹೊರಡುತ್ತಿತ್ತು. ಓಟ ಬೇಕಿಲ್ಲ, ಮೆಮೊರಿ ಸಿಗದಿದ್ದರೆ ಸಾಕು. ಆದರೆ ಇಷ್ಟು ಸಣ್ಣ ಹಂಚಿಕೆ ತಾನಾಗಿ ವಿಫಲವಾಗುವುದು ಅಪರೂಪ, ಹಾಗಾಗಿ ಸಿಜ್‌ಕಾಲರ್ ಕೃತಕವಾಗಿ ವೈಫಲ್ಯ ತೂರಿಸಿ ಇದನ್ನು ಕಂಡುಹಿಡಿಯಿತು. ಇದನ್ನು ನೋಡಲು 4.20 ಕರ್ನಲ್ ಕಟ್ಟಿ, ಫಾಲ್ಟ್ ಇಂಜೆಕ್ಷನ್ ಮತ್ತು ಫೇಲ್‌ಸ್ಲ್ಯಾಬ್ ಸೇರಿಸಿ. ಥ್ರೆಡ್ಡಿನ ಪ್ರಾಕ್ ಡೈರೆಕ್ಟರಿಯಲ್ಲಿರುವ ಫೇಲ್-ಎನ್‌ತ್ ಫೈಲಿಗೆ 1 ಬರೆದು ಬಫರ್ ಕೇಳಿ, ಆಮೇಲೆ 2 ಬರೆದು ಕೇಳಿ, ಹೀಗೆ ಏರಿಸುತ್ತ ಹೋಗಿ. ಫೈಲನ್ನು ಮತ್ತೆ ಓದಿದಾಗ 0 ಬಂದರೆ ವೈಫಲ್ಯ ತೂರಿದೆ, 0 ಅಲ್ಲದ ಸಂಖ್ಯೆ ಬಂದರೆ ಆ ಕರೆಯಲ್ಲಿ ಅಷ್ಟು ಹಂಚಿಕೆಗಳೇ ಇರಲಿಲ್ಲ, ಅಲ್ಲಿಗೆ ನಿಲ್ಲಿಸಿ. ಎಲ್ಲ ಸರಿಯಿದ್ದೂ ಏನೂ ಆಗದಿದ್ದರೆ ಡೀಬಗ್‌ಎಫ್‌ಎಸ್‌ನ ಫೇಲ್‌ಸ್ಲ್ಯಾಬ್ ಅಡಿ 'ಇಗ್ನೋರ್ ಜಿಎಫ್‌ಪಿ ವೇಟ್' ನೋಡಿ. ಅದು ಮೊದಲಿಗೆ ಚಾಲೂ ಇರುತ್ತದೆ, ಕಾಯಬಲ್ಲ ಸಾಮಾನ್ಯ ಹಂಚಿಕೆಗಳನ್ನೆಲ್ಲ ಬಿಟ್ಟುಬಿಡುತ್ತದೆ, ನಮಗೆ ಬೇಕಾದವು ಅವೇ. ಅದಕ್ಕೆ ಎನ್ ಬರೆಯಬೇಕು. ಅರ್ಧ ದಿನ ನುಂಗುವ ಆಯ್ಕೆ ಇದು.

ಬಳಗ

ಕರ್ನಲ್ ಡ್ರೈವರುಗಳನ್ನು ಖಾಲಿ ಹಾಳೆಯಿಂದ ಶುರುಮಾಡಿ ಬರೆಯುವವರು ಕಡಿಮೆ, ಪಕ್ಕದ ಡ್ರೈವರ್ ನೋಡಿ ಬರೆಯುವವರೇ ಹೆಚ್ಚು. ಹಾಗಾಗಿ ಒಂದು ಸಿಕ್ಕ ಮೇಲೆ ಹುಡುಕಬೇಕಾದ ಮಾದರಿ ಸ್ಪಷ್ಟ: ಹ್ಯಾಂಡಲ್ ಕ್ರಿಯೇಟ್, ಅದರ ಕೆಳಗೆ ಪುಟ್, ಅದರ ಕೆಳಗೆ ಅದೇ ಪಾಯಿಂಟರಿನ ಬಳಕೆ. ಕೋಡಿನಲ್ಲಿ ಮಾದರಿ ಹುಡುಕುವ ಕಾಕ್ಸಿನೆಲ್ ಉಪಕರಣಕ್ಕೆ ಈ ಮೂರು ಸಾಲನ್ನು ನಿಯಮವಾಗಿ ಕೊಡಬಹುದು. ಆದರೆ ವಿಜೆಮ್ಮಿನಂತೆ ಪುಟ್ ಒಂದು ಫಂಕ್ಷನ್ನಿನಲ್ಲಿ, ಬಳಕೆ ಅದನ್ನು ಕರೆದವರಲ್ಲಿ ಇದ್ದರೆ ನಿಯಮ ಕುರುಡಾಗುತ್ತದೆ. ಅದಕ್ಕೆ ಇನ್ನೊಂದು ಸುಳಿವು: ಹ್ಯಾಂಡಲ್ ಮಾಡಿಕೊಟ್ಟು ಜೊತೆಗೆ ಆಬ್ಜೆಕ್ಟಿನ ಪಾಯಿಂಟರನ್ನೂ ವಾಪಸ್ಸು ಕೊಡುವ ಯಾವ ಫಂಕ್ಷನ್ನನ್ನೂ ನಂಬಬೇಡಿ, ಕೈಯಿಂದ ಓದಿ.

ಹೀಗೆ ಓದಿದರೆ ಸಿಗುವ ಪಟ್ಟಿ ಸಣ್ಣದಲ್ಲ. ವಿಜೆಮ್ ಮಾದರಿಯಲ್ಲೇ ಬೆಳೆದ ವಿಕೆಎಂಎಸ್ ಎಂಬ ನಕಲಿ ಪರದೆಯ ಡ್ರೈವರಿನಲ್ಲಿ 2019ರ ಅಣ್ಣನೂ ಇದ್ದ, ತಮ್ಮನೂ ಇದ್ದ. ತಮ್ಮನನ್ನು 2020ರ ಏಪ್ರಿಲ್‌ನಲ್ಲಿ ಎಜೆಕಿಯೆಲ್ ಗಾರ್ಸಿಯಾ ಸರಿಮಾಡಿದರು. ಇವೆರಡೂ ಪರೀಕ್ಷೆಯ ಆಟಿಕೆಗಳು ಎನ್ನೋಣ. 2022ರ ಕೊನೆಯಲ್ಲಿ ರಾಬ್ ಕ್ಲಾರ್ಕ್ ಇದೇ ದೋಷವನ್ನು ವರ್ಚುವಲ್ ಯಂತ್ರಗಳಲ್ಲಿ ಬಳಸುವ ವರ್ಟಿಯೋ ಜಿಪಿಯು ಡ್ರೈವರಿನಲ್ಲೂ, ಆರ್ಮ್ ಮಾಲಿ ಚಿಪ್ಪುಗಳ ಪ್ಯಾನ್‌ಫ್ರಾಸ್ಟ್ ಡ್ರೈವರಿನಲ್ಲೂ ತೋರಿಸಿದರು. ವರ್ಟಿಯೋದನ್ನು ಅವರೇ ಸರಿಮಾಡಿದರು, ಪ್ಯಾನ್‌ಫ್ರಾಸ್ಟಿಗೆ ಸೇರಿದ ದುರಸ್ತಿ ಸ್ಟೀವನ್ ಪ್ರೈಸ್ ಅವರದು. ಬಳಕೆದಾರರು ಹ್ಯಾಂಡಲ್ ಸಂಖ್ಯೆ ಊಹಿಸಿ ಮುಚ್ಚಬಲ್ಲರು ಎಂಬುದೇ ಕ್ಲಾರ್ಕ್ ಅವರ ವಿವರಣೆಯ ಮೊದಲ ಮಾತು. ವಿಜೆಮ್‌ನಲ್ಲಿ ಗೊತ್ತಾಗಿ ಆಗಲೇ ಮೂರು ವರ್ಷ ಹತ್ತಿರವಾಗಿತ್ತು. ಫಝರ್ ಹೆಚ್ಚಾಗಿ ಓಡುವುದು ವರ್ಚುವಲ್ ಯಂತ್ರದೊಳಗೆ, ಪ್ಯಾನ್‌ಫ್ರಾಸ್ಟಿಗೆ ನಿಜವಾದ ಮಾಲಿ ಬೇಕು. ಯಂತ್ರ ಹೋಗದ ಕಡೆ ಮನುಷ್ಯರು ಓದಬೇಕಿತ್ತು, ಓದಲು ಅಷ್ಟು ದಿನ ಹಿಡಿಯಿತು.

ಹ್ಯಾಂಡಲ್ ಜಾಗದಲ್ಲಿ ಫೈಲ್ ಡಿಸ್ಕ್ರಿಪ್ಟರ್ (ಪ್ರೋಗ್ರಾಂ ತೆರೆದ ಫೈಲಿನ ಸಂಖ್ಯೆ) ಇಟ್ಟು ನೋಡಿದರೆ ದೋಷದ ಬಲ ಬೇರೆಯೇ ಆಗುತ್ತದೆ. ವಿಎಂವೇರ್ ವರ್ಚುವಲ್ ಯಂತ್ರಗಳ ವಿಎಂಡಬ್ಲ್ಯುಜಿಎಫ್‌ಎಕ್ಸ್ ಡ್ರೈವರ್, 4.14ರಿಂದ, ಫೆನ್ಸನ್ನು (ಜಿಪಿಯು ಕೆಲಸ ಮುಗಿದುದನ್ನು ತಿಳಿಸುವ ಗುರುತು) ಫೈಲ್ ಡಿಸ್ಕ್ರಿಪ್ಟರ್ ಆಗಿ ಕೊಡಬಲ್ಲದು. ಅದು ಡಿಸ್ಕ್ರಿಪ್ಟರನ್ನು ಪ್ರೋಗ್ರಾಮಿನ ಫೈಲ್ ಪಟ್ಟಿಗೆ ಮೊದಲು ಸೇರಿಸಿ, ಆಮೇಲೆ ಉತ್ತರವನ್ನು ಬಳಕೆದಾರರ ಮೆಮೊರಿಗೆ ನಕಲು ಮಾಡುತ್ತಿತ್ತು. ನಕಲು ವಿಫಲವಾದರೆ ಫೈಲನ್ನು ಬಿಡುಗಡೆ ಮಾಡಿ, ಡಿಸ್ಕ್ರಿಪ್ಟರ್ ಸಂಖ್ಯೆಯನ್ನು 'ಬಳಸದ್ದು' ಎಂದು ವಾಪಸ್ಸು ಮಾಡುತ್ತಿತ್ತು. ಆದರೆ ಆ ವಾಪಸಾತಿ ಕರೆ ಪಟ್ಟಿಯಲ್ಲಿ ಕೂತ ಪಾಯಿಂಟರನ್ನು ಅಳಿಸುವುದಿಲ್ಲ, ಅದು ಇನ್ನೂ ಸೇರಿಸದ ಸಂಖ್ಯೆಗಳಿಗಾಗಿ ಇರುವ ಕರೆ. ಸತ್ತ ಫೈಲಿನ ಕಡೆ ಕೈ ತೋರಿಸುವ ಜೀವಂತ ಡಿಸ್ಕ್ರಿಪ್ಟರ್ ಪ್ರೋಗ್ರಾಮಿನ ಬಳಿ ಉಳಿಯುತ್ತಿತ್ತು. ಇಲ್ಲಿ ಓಟವೂ ಬೇಡ, ಕಿಂಡಿಯೂ ಬೇಡ. ವಿಜೆಮ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ತಪ್ಪು ಇಲ್ಲಿ ಬೇಕಾದಷ್ಟು ಹೊತ್ತು ಕಾಯುತ್ತ ಕೂತಿರುತ್ತದೆ, ಸ್ಥಳೀಯ ಬಳಕೆದಾರ ರೂಟ್ ಆಗುವಷ್ಟು ಗಂಭೀರ. ಮಥಿಯಾಸ್ ಕ್ರೌಸ್ ಕಂಡುಹಿಡಿದ ಇದು ಸಿವಿಇ-2022-22942, 2022ರ ಜನವರಿಯಲ್ಲಿ ದುರಸ್ತಿ. ದುರಸ್ತಿಯೂ ವಿಜೆಮ್‌ನದೇ ಜಾತಿ: ನಕಲು ಮೊದಲು, ಪಟ್ಟಿಗೆ ಸೇರಿಸುವುದು ಕಟ್ಟಕಡೆಗೆ.

ನಿಮ್ಮ ಯಂತ್ರದಲ್ಲಿ ಇವುಗಳ ಸ್ಥಿತಿ ತಿಳಿಯಲು ಕರ್ನಲ್ ಆವೃತ್ತಿ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. ಡಿಸ್ಟ್ರೊಗಳು ಹಳೆಯ ಸಂಖ್ಯೆ ಉಳಿಸಿಕೊಂಡು ಹೊಸ ಪ್ಯಾಚ್ ಹಾಕುತ್ತವೆ. ಕರ್ನಲ್ ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಹುಡುಕಿ, ಸಿಗದಿದ್ದರೆ ಪ್ಯಾಚಿನ ಶೀರ್ಷಿಕೆಯಿಂದ ಹುಡುಕಿ. ಸಿವಿಇ ತಡವಾಗಿ ಬಂದ ವಿಜೆಮ್‌ನಂಥವು ಶೀರ್ಷಿಕೆಯಿಂದಲೇ ಸಿಗುವುದು ಹೆಚ್ಚು. ವಿಜೆಮ್ ಮಟ್ಟಿಗೆ ಇನ್ನೊಂದು ಸುಲಭದ ದಾರಿ ಇದೆ: ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ. ಮನೆಬಳಕೆಯ ಯಂತ್ರದಲ್ಲಿ ಇರುವ ಸಂಭವ ಕಡಿಮೆ. ಇದ್ದರೆ, ಯಾರು ಯಾತಕ್ಕೆ ಹಾಕಿದರೆಂದು ವಿಚಾರಿಸಿ, ಬೇಡವಾದರೆ ಮಾಡ್‌ಪ್ರೋಬ್‌ನ ಕಪ್ಪುಪಟ್ಟಿಗೆ ಸೇರಿಸಿಬಿಡಿ.